‘ವೆಡ್ಡಿಂಗ್ ಡೇಟ್’ ಎಂದರೆ ಮದುವೆಯ ತಾರೀಖಲ್ಲ

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಪ್ರಣಯ ಹಾಸ್ಯ ಚಿತ್ರಗಳ ಕನ್ನಡ ಸಬ್‌ಟೈಟಲ್‌ಗಳಲ್ಲೂ ಪರಿಚಯ ಬರಹಗಳಲ್ಲೂ ‘ವೆಡ್ಡಿಂಗ್ ಡೇಟ್’ ಎಂಬುದು ಸಲೀಸಾಗಿ ‘ಮದುವೆಯ ದಿನಾಂಕ’ ಆಗಿಬಿಡುತ್ತದೆ. ‘ಡೇಟ್ ಫಿಕ್ಸ್ ಆಯ್ತಾ?’ ಎಂದರೆ ನಮ್ಮ ಕಿವಿಗೆ ಕೇಳುವುದು ಮುಹೂರ್ತವೇ. ಆದರೆ 2005ರ ‘ದಿ ವೆಡ್ಡಿಂಗ್ ಡೇಟ್’ ಚಿತ್ರದ ನಾಯಕಿಗೆ ಬೇಕಾಗಿರುವುದು ದಿನವಲ್ಲ, ಮದುವೆಗೆ ಜೊತೆಯಾಗಿ ಬರುವವನೊಬ್ಬ. ಇಲ್ಲಿ ‘ಡೇಟ್’ ಎಂದರೆ ಅವನೇ. ತಂಗಿಯ ಮದುವೆಗೆ ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಟವಳು, ತನ್ನನ್ನು ಬಿಟ್ಟುಹೋದವನೇ ಅಲ್ಲಿ ಬೆಸ್ಟ್‌ಮ್ಯಾನ್, ಅಂದರೆ ವರನ ಪಕ್ಕ ನಿಲ್ಲುವ ಆಪ್ತ, ಎಂಬ ಕಾರಣಕ್ಕೆ 6,000 ಡಾಲರ್ ತೆತ್ತು ಒಬ್ಬನನ್ನು ಕರೆದೊಯ್ಯುತ್ತಾಳೆ.

ಪದಕ್ಕಿಂತ ದೊಡ್ಡ ತೊಡಕು ಪದ್ಧತಿಯದು. ನಮ್ಮ ಲಗ್ನಪತ್ರಿಕೆ ‘ಸಕುಟುಂಬ ಸಪರಿವಾರ ಸಮೇತರಾಗಿ’ ಬನ್ನಿ ಎನ್ನುತ್ತದೆ. ಹತ್ತು ಜನ ಹೆಚ್ಚಾದರೆ ಇನ್ನೊಂದು ಪಂಕ್ತಿ ಹಾಕಿದರಾಯಿತು. ಅಮೆರಿಕದ ಆಮಂತ್ರಣ ಸಾಮಾನ್ಯವಾಗಿ ಆರರಿಂದ ಎಂಟು ವಾರ ಮೊದಲು ಕೈಸೇರುತ್ತದೆ. ಲಕೋಟೆಯ ಮೇಲೆ ಹೆಸರಿದ್ದವರಿಗಷ್ಟೇ ಕರೆ. ಹೆಸರಿನ ಪಕ್ಕ ‘ಅಂಡ್ ಗೆಸ್ಟ್’ ಎಂದಿದ್ದರೆ ಒಬ್ಬರನ್ನು ಕರೆತರಬಹುದು, ಅದೇ ‘ಪ್ಲಸ್ ಒನ್’. ಎಷ್ಟು ಜನ, ಊಟಕ್ಕೆ ಕೋಳಿಯೋ ಮೀನೋ ಎಂದು ಗುರುತು ಹಾಕಿ ಉತ್ತರದ ಕಾರ್ಡನ್ನು ಗಡುವಿನೊಳಗೆ ಕಳಿಸಬೇಕು. ಅಡುಗೆಯವರಿಗೆ ಹಣ ತಲೆಲೆಕ್ಕದಲ್ಲಿ. ಎಂಟು ಹತ್ತು ಕುರ್ಚಿಗಳ ದುಂಡುಮೇಜಿನಲ್ಲಿ ಒಬ್ಬೊಬ್ಬರ ಜಾಗಕ್ಕೂ ಹೆಸರಿನ ಚೀಟಿ. ‘ಇಬ್ಬರು’ ಎಂದು ಬರೆದು ಒಂಟಿಯಾಗಿ ಹೋದರೆ ಪಕ್ಕದ ಖಾಲಿ ಕುರ್ಚಿ ಇಡೀ ಸಭೆಗೆ ಕಾಣುತ್ತದೆ. ಕಥೆಗೆ ಅವಸರ ಹುಟ್ಟುವುದೇ ಇಲ್ಲಿಂದ. ಇದು ಅನುವಾದದಲ್ಲಿ ಬಾರದಿದ್ದರೆ, ಒಬ್ಬಳೇ ಹೋಗಿ ಉಂಡು ಬಂದರೆ ಏನಂತೆ ಎಂದು ನಮ್ಮ ಪ್ರೇಕ್ಷಕರಿಗೆ ಅನ್ನಿಸುವುದು ಸಹಜ.

ಪರದೆಯ ಮೇಲೆ ಇರುವುದು ಎರಡು ಸಾಲಿನ ಜಾಗ, ಹೆಚ್ಚೆಂದರೆ ಏಳು ಸೆಕೆಂಡು. ವಿವರಣೆಗೆ ಎಡೆಯಿಲ್ಲ. ‘ಡೇಟ್’ಗೆ ‘ಪ್ರೇಮಿ’ ಎಂದು ಬರೆದರೆ ಹಾಸ್ಯ ಅಲ್ಲೇ ಸತ್ತಿತು, ಅವನು ಪ್ರೇಮಿಯಲ್ಲ ಎಂಬುದೇ ಕಥೆ. ‘ಸಂಗಾತಿ’ ಬಾಳಸಂಗಾತಿಯತ್ತ ವಾಲುತ್ತದೆ. ‘ಮೈ ಡೇಟ್’ ಎಂಬಲ್ಲಿ ಗಂಡೋ ಹೆಣ್ಣೋ ತಿಳಿಯದು, ‘ಬಂದಿದ್ದಾನೆ’ ಎಂದ ಕೂಡಲೇ ನಮ್ಮ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. ಹೆಚ್ಚಿನ ಕಡೆ ನಾಮಪದವನ್ನೇ ಕೈಬಿಟ್ಟು ‘ಮದುವೆಗೆ ನನ್ನ ಜೊತೆ ಬರ್ತೀಯಾ?’, ‘ಜೊತೆಗೆ ಯಾರು ಬರ್ತಿದ್ದಾರೆ?’ ಎಂದರೆ ಸಾಕು, ಬಹುವಚನ ಲಿಂಗವನ್ನೂ ಮುಚ್ಚಿಡುತ್ತದೆ. ಬೆಸ್ಟ್‌ಮ್ಯಾನ್, ಟೋಸ್ಟ್ (ವಧೂವರರಿಗೆ ಶುಭ ಕೋರಿ ಲೋಟ ಎತ್ತುವುದು) ಹಾಗೆಯೇ ಇರಲಿ. ಮಂಗಳೂರಿನ ಕ್ರೈಸ್ತರ ಮದುವೆಗಳಲ್ಲಿ ಅವು ಬಳಕೆಯ ಮಾತುಗಳೇ. ಆದರೆ ಮದುವೆಯ ಹಿಂದಿನ ಸಂಜೆಯ ‘ರಿಹರ್ಸಲ್ ಡಿನ್ನರ್’ ಅನ್ನು ಅಲ್ಲಿನ ‘ರೋಸ್’ ಎನ್ನಲಾಗದು. ರೋಸ್‌ನಲ್ಲಿ ತೆಂಗಿನ ಹಾಲು ಹಚ್ಚುವ ಶಾಸ್ತ್ರವಿದೆ, ಇದು ಬರೀ ಊಟ.

ಇಂಗ್ಲಿಷಿಗೆ ದಕ್ಕದ ಒಂದು ಸೌಲಭ್ಯ ಕನ್ನಡಕ್ಕಿದೆ, ಅದನ್ನು ಬಳಸುವವರು ಕಡಿಮೆ. ಅಲ್ಲಿ ಎಲ್ಲರಿಗೂ ಒಂದೇ ‘ಯು’. ಬಾಡಿಗೆಯ ಜೊತೆಗಾರ ಮತ್ತು ನಾಯಕಿ ಇಬ್ಬರೇ ಇದ್ದಾಗ ‘ನೀವು’, ನೆಂಟರ ಮುಂದೆ ನಟಿಸುವಾಗ ‘ನೀನು’ ಎಂದಿರಲಿ. ಯಾರೂ ಇಲ್ಲದಿರುವಾಗ ಮೊದಲ ಸಲ ‘ನೀನು’ ಬಾಯಿಗೆ ಬರುವ ದೃಶ್ಯ ಯಾವುದೆಂದು ಕೆಲಸ ಶುರುಮಾಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅನುವಾದಕರು ದೃಶ್ಯದ ಸಂಖ್ಯೆ, ಎದುರಿಗೆ ಯಾರಿದ್ದಾರೆ, ನೀನೋ ನೀವೋ ಎಂದು ಮೂರು ಅಂಕಣದ ಪಟ್ಟಿ ಇಟ್ಟುಕೊಳ್ಳಲಿ. ಒಂದೇ ಚಿತ್ರವನ್ನು ಇಬ್ಬರು ಹಂಚಿಕೊಂಡಾಗ ಅರ್ಧದಲ್ಲಿ ‘ನೀನು’ ಮತ್ತೆ ‘ನೀವು’ ಆಗಿ ಪ್ರೀತಿಯೇ ಹಿಂದಕ್ಕೆ ಹೋದಂತೆ ಕಾಣುವುದು ಈ ಪಟ್ಟಿ ಇಲ್ಲದ್ದರಿಂದ. ಡಬ್ಬಿಂಗ್‌ಗೂ ಇದೇ ಪಟ್ಟಿ ಸಾಕು. ತಮ್ಮ ಸಿನಿಮಾ ಪುಟದ ವಿಮರ್ಶಕರು ಇಂಥ ಚಿತ್ರಗಳ ಬಗ್ಗೆ ಬರೆಯುವಾಗ ಕನ್ನಡದ ಸಾಲುಗಳನ್ನೂ ಓದಿ, ಒಂದೆರಡು ಮಾತು ಬರೆಯಬೇಕೆಂದು ಕೋರುತ್ತೇವೆ.

— ಸಬ್‌ಟೈಟಲ್ ಅನುವಾದಕರು, ಬೆಂಗಳೂರು