ಆರ್‌ಸಿ ಕಳೆದಾಗ ಫೈನಾನ್ಸ್ ಕಂಪನಿಗೆ ಇರುವುದು 7 ದಿನ ಮಾತ್ರ

ಮಾನ್ಯ ಸಂಪಾದಕರೇ,

ನೋಟರಿ ವಕೀಲರೊಬ್ಬರ ಕಚೇರಿಯಲ್ಲಿ ಅಫಿಡವಿಟ್ ಟೈಪ್ ಮಾಡುವುದು ನನ್ನ ಕೆಲಸ. ಹೆಸರು ತಿದ್ದುಪಡಿಯವರನ್ನು ಬಿಟ್ಟರೆ ನಮ್ಮಲ್ಲಿಗೆ ಹೆಚ್ಚಾಗಿ ಬರುವವರು ಗಾಡಿಯ ಆರ್‌ಸಿ ಕಳೆದುಕೊಂಡವರು. 'ಸದರಿ ವಾಹನದ ನೋಂದಣಿ ಪ್ರಮಾಣಪತ್ರವು ಪ್ರಯಾಣದ ವೇಳೆ ಎಲ್ಲಿಯೋ ಬಿದ್ದುಹೋಗಿದ್ದು, ಎಷ್ಟು ಹುಡುಕಿದರೂ ಸಿಕ್ಕಿರುವುದಿಲ್ಲ' ಎಂಬ ಸಾಲು ಕೀಬೋರ್ಡ್ ನೋಡದೆಯೇ ಬೆರಳಿಗೆ ಬರುತ್ತದೆ. ಸಾಲವಿಲ್ಲದ ಗಾಡಿಯಾದರೆ ಮುಂದಿನ ದಾರಿ ಸುಲಭ. ಕಳೆದ ವಸ್ತುವಿನ ಬಗ್ಗೆ ಪೊಲೀಸರಿಗೆ ಆನ್‌ಲೈನಿನಲ್ಲಿ ಕೊಟ್ಟ ದೂರಿನ ಇ-ಲಾಸ್ಟ್ ಸ್ವೀಕೃತಿ, ನಮ್ಮ ಅಫಿಡವಿಟ್, ವಿಮೆ, ಡೂಪ್ಲಿಕೇಟ್‌ಗೆ ಅರ್ಜಿಯಾದ ಫಾರಂ 26, ಶುಲ್ಕ. ಇಷ್ಟಿದ್ದರೆ ಡೂಪ್ಲಿಕೇಟ್ ಆರ್‌ಸಿ ಇವತ್ತಲ್ಲ ನಾಳೆ ಮನೆಗೆ ಬರುತ್ತದೆ. ಸಾಲ ಇನ್ನೂ ತೀರದ ಗಾಡಿಯದ್ದೇ ಗೋಳು.

ಈಚೆಗೆ ತರಕಾರಿ ಸಾಗಿಸುವ ಪಿಕಪ್ ಗಾಡಿಯ ಮಾಲೀಕರೊಬ್ಬರು ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಜೋಡಿಸಿದರು. ವಿಮೆ, ಎಫ್‌ಸಿ (ಗಾಡಿಯ ಅರ್ಹತಾ ಪತ್ರ), ಹೊಗೆ ತಪಾಸಣೆ ಎಲ್ಲವೂ ಚಾಲ್ತಿಯಲ್ಲಿದ್ದವು. ಫಾರಂ 26ರಲ್ಲಿ ಎಲ್ಲ ಅಂಕಣ ತುಂಬಿತ್ತು, ಸಾಲ ಕೊಟ್ಟವರು ಒಪ್ಪಿಗೆಯ ಸಹಿ ಹಾಕಬೇಕಾದ ಜಾಗವೊಂದೇ ಖಾಲಿ. ಶಾಖೆಗೆ ಹೋದರೆ 'ಸೀಲ್ ಹಾಕೋ ಅಧಿಕಾರ ಇಲ್ಲಿ ಯಾರಿಗೂ ಇಲ್ಲ, ಹೆಡ್ ಆಫೀಸಿಗೆ ಮೇಲ್ ಹಾಕಿದ್ದೀವಿ' ಎನ್ನುತ್ತಾರಂತೆ. ಆರ್‌ಟಿಒ ಕೌಂಟರಿನಲ್ಲಿ 'ಫೈನಾನ್ಸ್‌ನವರ ಸಹಿ ಇಲ್ಲದೆ ಅರ್ಜಿ ತಗೊಳ್ಳಲ್ಲ' ಎಂಬ ಉತ್ತರ. ಹೊರಗೆ ನಿಂತಿದ್ದ ಏಜೆಂಟ್ ಮಾತ್ರ 'ಸೀಲ್ ತಾನೇ, ಹಾಕಿಸ್ಕೊಡೋಣ ಬಿಡಿ ಅಣ್ಣ' ಎಂದನಂತೆ. ಯಾವ ಸೀಲು, ಯಾರ ಸೀಲು ಎಂದು ನಾನು ಕೇಳಲು ಹೋಗಲಿಲ್ಲ. ಇಷ್ಟರ ನಡುವೆ ತಿಂಗಳ ಕಂತು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಖಾತೆಯಿಂದ ಕಟ್ ಆಗುತ್ತಿದೆ.

ಇಂಥವರಿಗಾಗಿಯೇ ಮೋಟಾರು ವಾಹನ ಕಾಯ್ದೆ, 1988ರ 51ನೇ ಕಲಮಿನಲ್ಲಿ ಒಂದು ದಾರಿ ಇದೆ. ಸಾಲದ ಗಾಡಿಯ ಆರ್‌ಸಿ ಕಳೆದರೆ ಮಾಲೀಕ ಮೊದಲು ಸಾಲ ಕೊಟ್ಟವರಿಗೆ ನಿರಾಕ್ಷೇಪಣಾ ಪತ್ರ ಕೇಳಿ ಅರ್ಜಿ ಕೊಡಬೇಕು ಎನ್ನುತ್ತದೆ 6ನೇ ಉಪಕಲಮು. ಅರ್ಜಿ ಮುಟ್ಟಿದ 7 ದಿನಗಳೊಳಗೆ ಅವರು ಪತ್ರ ಕೊಡಬೇಕು, ಇಲ್ಲವೇ ಯಾಕೆ ಕೊಡುವುದಿಲ್ಲ ಎಂದು ಕಾರಣ ಬರೆದು ತಿಳಿಸಬೇಕು. ಎರಡನ್ನೂ ಮಾಡದೆ ಸುಮ್ಮನೆ ಕುಳಿತರೆ ಪತ್ರ ಕೊಟ್ಟಂತೆಯೇ ಲೆಕ್ಕ ಎಂದು 7ನೇ ಉಪಕಲಮು ಹೇಳುತ್ತದೆ. ಆಗ ಮಾಲೀಕ 'ಏಳು ದಿನದಲ್ಲಿ ನನಗೆ ಯಾವ ಉತ್ತರವೂ ಬಂದಿಲ್ಲ' ಎಂಬ ಘೋಷಣೆಯನ್ನು ಅರ್ಜಿಯ ಜೊತೆ ಆರ್‌ಟಿಒಗೆ ಸಲ್ಲಿಸಬಹುದು. ಇದು 8ನೇ ಉಪಕಲಮು. ಸುತ್ತೋಲೆಯೂ ಅಲ್ಲ, ಯಾವುದೋ ಅಧಿಕಾರಿಯ ಕೃಪೆಯೂ ಅಲ್ಲ, ಸಂಸತ್ತು ಮಾಡಿದ ಕಾನೂನು.

ಆ ಘೋಷಣೆಯನ್ನು ನಾನೇ ಟೈಪ್ ಮಾಡಿಕೊಟ್ಟೆ. ಶಾಖೆಗೆ ಅರ್ಜಿ ಕೊಟ್ಟ ತಾರೀಖು, ಗಾಡಿ ನಂಬರು, ಸಾಲದ ಖಾತೆ ನಂಬರು ಎಲ್ಲ ಹಾಕಿ, ಸ್ಪೀಡ್ ಪೋಸ್ಟ್ ರಸೀದಿಯ ಜೆರಾಕ್ಸ್ ಲಗತ್ತಿಸಿದೆವು. ಕೌಂಟರಿನವರು ಅದನ್ನು ಓದಲೂ ಇಲ್ಲವಂತೆ. 'ಈ ಥರದ್ದು ನಮ್ಮ ಚೆಕ್‌ಲಿಸ್ಟಿನಲ್ಲಿ ಇಲ್ಲ' ಎಂದು ವಾಪಸು ಕೊಟ್ಟರಂತೆ.

ಸಾಲ ಕೊಟ್ಟವರ ಒಪ್ಪಿಗೆಯೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಮೂಲ ಆರ್‌ಸಿಯನ್ನು ಕೈಸಾಲಕ್ಕೆ ಯಾರಲ್ಲೋ ಒತ್ತೆಯಿಟ್ಟು, ಕಳೆದಿದೆ ಎಂದು ಅಫಿಡವಿಟ್ ಬರೆಸಲು ಬರುವವರೂ ಇದ್ದಾರೆ. ಮುಖ ನೋಡಿದರೆ ನಮಗೆ ಅಷ್ಟಿಷ್ಟು ಗೊತ್ತಾಗುತ್ತದೆ. ಡೂಪ್ಲಿಕೇಟ್ ತೋರಿಸಿ ಗಾಡಿಯನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಸಾಲ ಕೊಟ್ಟವರ ಗತಿಯೇನು? ಅದಕ್ಕೇ ಕಾನೂನು ಅವರಿಗೆ ನಿರಾಕರಿಸುವ ಹಕ್ಕನ್ನೂ ಕೊಟ್ಟಿದೆ. ಕಂತು ಬಾಕಿಯಿದ್ದರೆ ಹಾಗೆಂದು ಬರೆದುಕೊಡಲಿ. ಗಡುವು ಮುಗಿದರೂ ಡೂಪ್ಲಿಕೇಟ್ ಕೊಡುವುದು ಬಿಡುವುದು ನೋಂದಣಿ ಪ್ರಾಧಿಕಾರದ, ಅಂದರೆ ಆರ್‌ಟಿಒ ಕೈಯಲ್ಲೇ ಇರುತ್ತದೆ, ಅವರು ವಿಚಾರಣೆ ಮಾಡಬಹುದು. ಇಲ್ಲವೆನ್ನುವ ಅಧಿಕಾರವನ್ನು ಕೊಟ್ಟ ಕಾನೂನು, ಉತ್ತರವನ್ನೇ ಕೊಡದೆ ಓಡಾಡಿಸುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ.

'ಈಗ ಡಿಜಿಲಾಕರ್ ಇದೆಯಲ್ಲ, ಕಾರ್ಡ್ ಯಾಕೆ ಬೇಕು' ಎನ್ನುವವರಿದ್ದಾರೆ. ರಸ್ತೆಯಲ್ಲಿ ತಪಾಸಣೆಗೆ ಅದು ಸಾಕು, ನಿಜ. 2018ರ ತಿದ್ದುಪಡಿಯ ನಂತರ ಮೊಬೈಲಿನಲ್ಲಿ ತೋರಿಸಿದ ದಾಖಲೆಯನ್ನು ಪೊಲೀಸರು ಒಪ್ಪಲೇಬೇಕು. ಆದರೆ ಗಾಡಿ ಮಾರುವಾಗ, ಸಾಲ ತೀರಿಸಿ ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ತೆಗೆಸುವಾಗ ಕಾರ್ಡ್ ಎಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಡೂಪ್ಲಿಕೇಟ್ ಆರ್‌ಸಿ ಅರ್ಜಿಯೂ ಆಧಾರ್ ಮೂಲಕ ಮನೆಯಲ್ಲೇ ಕೂತು ಹಾಕಬಹುದಾದ ಸೇವೆಗಳ ಪಟ್ಟಿಗೆ 2021ರಲ್ಲೇ ಸೇರಿದೆ. ಅರ್ಜಿ ಮನೆಯಿಂದ ಹೋದರೂ ಫೈನಾನ್ಸ್‌ನವರ ಸಹಿ ಮನೆಗೆ ಬರುವುದಿಲ್ಲವಲ್ಲ!

ರಿಸರ್ವ್ ಬ್ಯಾಂಕು ಒಂದು ಒಳ್ಳೆಯ ಕೆಲಸ ಮಾಡಿದೆ. 2023ರ ಸೆಪ್ಟೆಂಬರ್ 13ರ ಅದರ ಸುತ್ತೋಲೆಯ ಪ್ರಕಾರ, ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಸಾಲ ಕೊಟ್ಟವರು ಮೂಲ ದಾಖಲೆಗಳನ್ನು ಹಿಂದಿರುಗಿಸಿ, ಎಚ್‌ಪಿಯಂಥ ಹೊರೆಯನ್ನು ತೆಗೆಸಬೇಕು. ತಮ್ಮದೇ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ದಾಖಲೆ ಅವರ ಕೈಯಲ್ಲೇ ಕಳೆದರೆ ನಕಲು ಪಡೆಯಲು ನೆರವಾಗಿ ಖರ್ಚನ್ನೂ ಅವರೇ ಹೊರಬೇಕು, ಅದಕ್ಕೆ ಇನ್ನೂ 30 ದಿನ ಅವಕಾಶ. ಸ್ವಂತ ಬಳಕೆಯ ಸ್ಕೂಟರು, ಕಾರಿನ ಸಾಲಕ್ಕೆ ಇದು ಅನ್ವಯ. ಆದರೆ ರಿಸರ್ವ್ ಬ್ಯಾಂಕಿನ ವೈಯಕ್ತಿಕ ಸಾಲದ ವ್ಯಾಖ್ಯೆಯಲ್ಲಿ ಬಾಡಿಗೆಗೆ ಓಡುವ ಗಾಡಿಯ ಸಾಲ ಸೇರುವುದಿಲ್ಲ. ಆಟೋ, ಟ್ಯಾಕ್ಸಿ, ಪಿಕಪ್‌ನವರು, ಅಂದರೆ ಗಾಡಿ ನಿಂತರೆ ಅವತ್ತಿನ ಊಟಕ್ಕೇ ಕುತ್ತು ಬರುವವರು, ಹೊರಗೇ ಉಳಿದರು. ಅವರಿಗೆ ಉಳಿದಿರುವ ಆಸರೆ ಆ 51ನೇ ಕಲಮು.

ಸಾರಿಗೆ ಇಲಾಖೆಗೆ ಹೊಸ ಯೋಜನೆ, ಹೊಸ ಆ್ಯಪ್ ಯಾವುದೂ ಬೇಕಿಲ್ಲ. ಡೂಪ್ಲಿಕೇಟ್ ಆರ್‌ಸಿಯ ಚೆಕ್‌ಲಿಸ್ಟಿನಲ್ಲಿ 'ಫೈನಾನ್ಸ್ ಕಂಪನಿಯ ಒಪ್ಪಿಗೆ' ಎಂಬ ಸಾಲಿನ ಮುಂದೆ 'ಅಥವಾ 51(8)ರ ಘೋಷಣೆ' ಎಂದು ಸೇರಿಸಲಿ, ಆ ಘೋಷಣೆಯ ಕನ್ನಡ ನಮೂನೆಯನ್ನು ಪ್ರತಿ ಆರ್‌ಟಿಒ ಕಚೇರಿಯ ಗೋಡೆಗೆ ಅಂಟಿಸಲಿ. ಶಾಖೆಯವರು ಅರ್ಜಿ ತೆಗೆದುಕೊಂಡ ದಿನವೇ ತಾರೀಖು ಹಾಕಿ ಸ್ವೀಕೃತಿ ಕೊಡುವಂತೆ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಪತ್ರ ಬರೆಯಲಿ. ಸ್ವೀಕೃತಿ ಇಲ್ಲದಿದ್ದರೆ ಏಳು ದಿನವನ್ನು ಎಲ್ಲಿಂದ ಎಣಿಸುವುದು? ಅಲ್ಲಿಯವರೆಗೆ ಮಾಲೀಕರು ಬಾಯಿಮಾತಿನಲ್ಲಿ ಕೇಳಿ ಸುಮ್ಮನೆ ಬರದೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿಕೊಳ್ಳಲಿ. ಕೌಂಟರಿನಲ್ಲಿ ಘೋಷಣೆಯನ್ನು ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಲಿ.

ಇಂತಿ ತಮ್ಮ ಓದುಗ,
ನೋಟರಿ ಕಚೇರಿಯೊಂದರ ಬೆರಳಚ್ಚುಗಾರ