ಈ ವಾರ ಕೇಳಬೇಕಾದ ಧ್ವನಿಮುದ್ರಿಕೆಗಳ ಕುರಿತು

ಮಾನ್ಯ ಸದಸ್ಯರಿಗೆ ನಮಸ್ಕಾರ.

ಈ ವಾರ 2019ರಲ್ಲಿ ನಮ್ಮನ್ನಗಲಿದ, ನಮ್ಮ ಕರಾವಳಿಯವರೇ ಆದ ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೊಫೋನ್ ಧ್ವನಿಮುದ್ರಿಕೆಗಳನ್ನು ಕೇಳೋಣ. ಅನಿಸಿಕೆ ಬರೆಯುವಾಗ ‘ಅದ್ಭುತ’ ಎಂದು ಕೈಮುಗಿಯುವ ಚಿತ್ರ ಹಾಕಿ ಮುಗಿಸದೆ, ಯಾವ ರಾಗ, ಯಾವ ಕೃತಿ, ಎಷ್ಟನೆಯ ನಿಮಿಷದಲ್ಲಿ ಯಾವ ಸಂಗತಿ (ಒಂದೇ ಸಾಲನ್ನು ಬಗೆಬಗೆಯಾಗಿ ಬದಲಿಸಿ ನುಡಿಸುವುದು) ಮನಸ್ಸಿಗೆ ಹಿಡಿಸಿತು ಎಂಬುದನ್ನು ತಿಳಿಸಿದರೆ ಉಳಿದವರೂ ಅದೇ ಜಾಗವನ್ನು ಮತ್ತೊಮ್ಮೆ ಕೇಳಬಹುದು.

ಕೀಲಿಗಳನ್ನು ಒತ್ತಿ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುವ ಪಾಶ್ಚಾತ್ಯ ವಾದ್ಯದಲ್ಲಿ ಗಮಕ (ಸ್ವರವನ್ನು ತೂಗಿಸುವ, ಜಾರಿಸುವ ಬಗೆ) ತರಲು ಅವರು ವಾದ್ಯವನ್ನೇ ಮಾರ್ಪಡಿಸಿಕೊಂಡಿದ್ದರು. ಆದ್ದರಿಂದ ತೋಡಿ ರಾಗದ ಗಾಂಧಾರದಂತಹ (‘ಗ’ ಸ್ವರ), ಒಂದೆಡೆ ನಿಲ್ಲದೆ ತೂಗುವ ಸ್ವರ ಬಂದಾಗ ವಿಶೇಷ ಗಮನವಿರಲಿ. ಅಲ್ಲಿ ನನಗಂತೂ ನಾಗಸ್ವರವೇ ಕೇಳಿಸಿದಂತಾಗುತ್ತದೆ. ಅವರ ತಂದೆ ನಾಗಸ್ವರ ವಾದಕರಾಗಿದ್ದರೆಂಬುದು ಗೊತ್ತಿರುವುದರಿಂದಲೋ, ರಥಬೀದಿಯ ಉತ್ಸವಗಳನ್ನು ಕೇಳುತ್ತಾ ಬೆಳೆದ ಕಿವಿಯಿಂದಲೋ ಹೀಗಾಗುತ್ತಿರಬಹುದು. ಒಪ್ಪದವರು ನಿಸ್ಸಂಕೋಚವಾಗಿ ಬರೆಯಿರಿ.

ಮೊಬೈಲಿನ ಸ್ಪೀಕರಿನಲ್ಲಿ ಮೃದಂಗದ ಎಡಮುಖದ ನಾದ ಸರಿಯಾಗಿ ಕೇಳಿಸದ ಕಾರಣ ಇಯರ್‌ಫೋನ್ ಬಳಸುವುದು ಒಳ್ಳೆಯದು. ಕಲಾವಿದರ ಅನುಮತಿಯಿಲ್ಲದೆ ಮುದ್ರಿಸಿಕೊಂಡ ಕಛೇರಿಗಳನ್ನು ಇಲ್ಲಿ ಹಾಕಬೇಡಿ. ಅನಿಸಿಕೆಗಳು ಭಾನುವಾರ ರಾತ್ರಿಯೊಳಗೆ ಬರಲಿ. ಮಳೆಗೆ ಕರೆಂಟು ಹೋದವರಿಗೆ ಸೋಮವಾರವೂ ಆದೀತು.