ಮುಟ್ಟು ನಿಂತವರ ತುರಿಕೆಗೆ ಸ್ಟಿರಾಯ್ಡ್ ಟ್ಯೂಬು

ಮಾನ್ಯ ಸಂಪಾದಕರೇ,

ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಂದರೆ ಮೈ ಧಗೆ, ನಿದ್ದೆಗೇಡು, ಮೂಳೆ ಸವೆತ ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಚರ್ಮದ ವಿಷಯ ಎತ್ತಿದರೆ ‘ಈ ವಯಸ್ಸಿನಲ್ಲಿ ಅಂದದ ಚಿಂತೆಯೇ’ ಎನ್ನುವವರೇ ಹೆಚ್ಚು.

ಎರಡು ವರ್ಷಗಳ ಹಿಂದೆ ಮಾರ್ಗಶಿರದ ಚಳಿಯಲ್ಲಿ ಕೈಕಾಲಿನ ಚರ್ಮವೆಲ್ಲ ಒಡೆದು, ಮೈಮೇಲೆ ಇರುವೆ ಹರಿದಂತಾಗಿ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ ನನಗೆ, ಮನೆ ಹತ್ತಿರದ ಔಷಧಿ ಅಂಗಡಿಯವರು ವೈದ್ಯರ ಚೀಟಿ ಕೇಳದೆಯೇ ಒಂದು ಟ್ಯೂಬು ಕೊಟ್ಟರು. ಮೂರೇ ದಿನಕ್ಕೆ ತುರಿಕೆ ಅಡಗಿದ್ದರಿಂದ ಅದನ್ನೇ ನಾಲ್ಕು ತಿಂಗಳು ಹಚ್ಚಿದೆ. ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯಂತಾಗಿ, ಬಳೆ ತಾಗಿದರೂ ನೀಲಿಗಟ್ಟತೊಡಗಿದ ಮೇಲೆ ಚರ್ಮವೈದ್ಯರ ಬಳಿಗೆ ಹೋದಾಗಲೇ ಅದು ಕ್ಲೋಬೆಟಾಸಾಲ್ ಎಂಬ ಪ್ರಬಲ ಸ್ಟಿರಾಯ್ಡ್ ಎಂದು ತಿಳಿದದ್ದು. ಮುಟ್ಟು ನಿಲ್ಲುವಾಗ ಈಸ್ಟ್ರೋಜನ್ ಎಂಬ ಹಾರ್ಮೋನು ಕುಗ್ಗಿದಂತೆ ಚರ್ಮದ ಜಿಡ್ಡೂ, ನೀರು ಹಿಡಿದಿಡುವ ಶಕ್ತಿಯೂ ತಗ್ಗುತ್ತವೆ. ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಸುಮಾರು ಶೇ 30ರಷ್ಟು ಇಳಿಯುತ್ತದಂತೆ. ತಾನಾಗಿಯೇ ತೆಳುವಾಗುತ್ತಿರುವ ಚರ್ಮಕ್ಕೆ, ಅದನ್ನು ಇನ್ನಷ್ಟು ತೆಳುವಾಗಿಸುವ ಮುಲಾಮನ್ನು ನಾನೇ ದುಡ್ಡು ಕೊಟ್ಟು ಹಚ್ಚಿಕೊಂಡಿದ್ದೆ.

ಆ ವೈದ್ಯರು ಮೊದಲು ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿದರು, ಏಕೆಂದರೆ ಅವುಗಳ ಏರುಪೇರಿನಿಂದಲೂ ಚರ್ಮ ಒಣಗಿ ತುರಿಸುತ್ತದೆ. ಆಮೇಲೆ ಹೇಳಿದ್ದೆಲ್ಲ ಸ್ನಾನದ ಕುರಿತೇ: ಸುಡುನೀರು ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಯಲಿ, ಸೋಪು ಕಂಕುಳು, ತೊಡೆಸಂದಿಗಷ್ಟೇ ಇರಲಿ, ಮೈ ಒರೆಸಿ ಇನ್ನೂ ಪಸೆಯಿರುವಾಗಲೇ ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದಲ್ಲಿ ಸಹಜವಾಗಿಯೇ ಇರುವ ಜಿಡ್ಡಿನಂಶ) ಇರುವ, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಅದು ದುಬಾರಿಯೆನಿಸಿದರೆ ಪೆಟ್ರೋಲಿಯಂ ಜೆಲ್ಲಿಯೂ ಆದೀತು. ಹಂಡೆಯ ನೀರು ಮೈ ಕೆಂಪಾಗುವಷ್ಟು ಕಾದಿರಬೇಕು, ಎಣ್ಣೆಯ ಜಿಡ್ಡು ಹೋಗುವವರೆಗೆ ಸೀಗೆಪುಡಿ ಹಾಕಿ ಉಜ್ಜಬೇಕು ಎಂದು ಬೆಳೆದ ನನ್ನಂಥವರಿಗೆ ಈ ರೂಢಿ ಬಿಡುವುದೇ ಕಷ್ಟದ ಕೆಲಸ. ನನಗೆ ಒಂದು ಚಳಿಗಾಲವೇ ಹಿಡಿಯಿತು.

ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿಯೇ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಅಂದರೆ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಮೈಸೂರಿನ ಬಡಾವಣೆಗಳಲ್ಲಿಯೇ ಇದು ಪಾಲನೆಯಾಗದಿರುವಾಗ, ಬಿಸಿಲಿನಲ್ಲಿ ಕಬ್ಬಿನ ಗರಿ ತರಚಿದ ಕೈಗೆ ಇದೇ ಟ್ಯೂಬು ಹಚ್ಚಿಕೊಳ್ಳುವ ಮಂಡ್ಯದ ಹಳ್ಳಿಗಳ ಹೆಂಗಸರ ಗತಿಯೇನು? ಔಷಧ ನಿಯಂತ್ರಣ ಇಲಾಖೆಯವರು ಅಂಗಡಿಗಳನ್ನು ತಪಾಸಣೆ ಮಾಡಬೇಕು. ಆಶಾ ಕಾರ್ಯಕರ್ತೆಯರು ಮನೆಗಳಿಗೆ ಬಂದಾಗ ನಲವತ್ತೈದು ದಾಟಿದವರಲ್ಲಿ ಚರ್ಮದ ತೊಂದರೆಯನ್ನೂ ವಿಚಾರಿಸುವಂತೆ ಆರೋಗ್ಯ ಇಲಾಖೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಪ್ರೌಢಶಾಲಾ ಶಿಕ್ಷಕಿ, ಸರಸ್ವತಿಪುರಂ, ಮೈಸೂರು